ಸಾವಿರ ಚಿಲ್ಲರೆಯ ಗಾಳದ ಕಿಟ್: ಉತ್ತರೆ ಮಳೆಯ ಕೆರೆಗೆ ಸಾಕಾ?

ಪೂರ್ತಿ ಓದುವಷ್ಟು ಪುರುಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ರಾಡು ಪರವಾಗಿಲ್ಲ. ರೀಲು ನಡೆಯುತ್ತದೆ. ದಾರ ಕಿತ್ತು ಬಿಸಾಡಿ. ಡಬ್ಬಿ ತುಂಬ ಕೊಟ್ಟಿರುವ ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳು ನಮ್ಮ ಕೆರೆಗೆ, ಅದರಲ್ಲೂ ಈ ಕಾಲಕ್ಕೆ, ಯಾವ ಕೆಲಸಕ್ಕೂ ಬರಲ್ಲ. 5ಕ್ಕೆ 3 ಸ್ಟಾರ್.

ನಾನು ಹೇಳುತ್ತಿರುವುದು ಶಾಪಿಂಗ್ ಆ್ಯಪ್‌ಗಳಲ್ಲಿ ಸಿಗುವ ಆ ಮಡಚುವ ಗಾಳದ ಕಿಟ್ ಬಗ್ಗೆ. 7 ಅಡಿಯ ಟೆಲಿಸ್ಕೋಪಿಕ್ ರಾಡು, ಒಳಗೊಳಗೆ ತಳ್ಳಿದರೆ ಒಂದೂವರೆ ಅಡಿ ಆಗುತ್ತದೆ. 3000 ಸೈಜಿನ ಸ್ಪಿನ್ನಿಂಗ್ ರೀಲು, ಅದಕ್ಕೆ ಮೊದಲೇ ಸುತ್ತಿಟ್ಟ ದಾರ, ಜೊತೆಗೆ ಕೊಕ್ಕೆ, ಭಾರಕ್ಕೆ ಸೀಸ, ನೀರಿನ ಮೇಲೆ ತೇಲುವ ಬೆಂಡು, ಎಳೆದಾಗ ತಿರುಗಿ ಹೊಳೆಯುವ ಸ್ಪಿನ್ನರ್, ರಬ್ಬರ್ ಕಪ್ಪೆ ಎಲ್ಲ ಇರುವ ಒಂದು ಡಬ್ಬಿ. ನನಗೆ 1,350 ರೂಪಾಯಿ ಬಿತ್ತು. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ, ಬರೆದರೂ ಉಪಯೋಗ ಇಲ್ಲ. ಒಂದೇ ಮಾಲಿಗೆ ಹತ್ತು ಜನ ಹತ್ತು ಸ್ಟಿಕ್ಕರ್ ಅಂಟಿಸಿ ಮಾರುತ್ತಾರೆ. ಫೋಟೋ ಕೂಡ ಒಂದೇ ಇರುತ್ತದೆ, ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಆ್ಯಪ್‌ನಲ್ಲಿ ಇದರ ಕೆಳಗೆ ಇರುವ ರಿವ್ಯೂಗಳೆಲ್ಲ ‘ಸೂಪರ್ ಪ್ರಾಡಕ್ಟ್’, ‘ಪ್ಯಾಕಿಂಗ್ ಚೆನ್ನಾಗಿತ್ತು’ ಅನ್ನುವಂಥವು. ನೀರಿಗೆ ಇಳಿಸಿ ನೋಡಿದವರು ಕಡಿಮೆ. ನೋಡಿದವರೂ ಯಾವ ನೀರು, ಯಾವ ತಿಂಗಳು ಅಂತ ಹೇಳಲ್ಲ. ಗಾಳದ ವಿಷಯದಲ್ಲಿ ಅದನ್ನು ಹೇಳದಿದ್ದರೆ ಏನೂ ಹೇಳಿದ ಹಾಗಾಗುವುದಿಲ್ಲ, ಅಲ್ವಾ? ಹಾಗಾಗಿ ನಾನು ಹೇಳುವುದು ಮಂಡ್ಯ, ತುಮಕೂರು ಕಡೆಯ ಕೆರೆಗಳ ಮಾತು. ಅದೂ ಗೌರಿ ಗಣೇಶ ಕಳೆದ ಮೇಲಿಂದ ದೀಪಾವಳಿಗೆ ಮುಂಚಿನ ತನಕ.

ಈ ಸಮಯಕ್ಕೇ ಯಾಕೆ ಅಂದರೆ, ಮಲೆನಾಡಿನವರಿಗೆ ಜುಲೈ ಹೊತ್ತಿಗೆ ಹಳ್ಳಕೊಳ್ಳ ಎಲ್ಲ ತುಂಬಿರುತ್ತದೆ. ನಮ್ಮ ಬಯಲುಸೀಮೆಗೆ ಹಾಗಲ್ಲ. ಇಲ್ಲಿ ಜೋರು ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆ ಕೈ ಹಿಡಿದರೆ ಕೆರೆ ಕೋಡಿ ಬೀಳುತ್ತದೆ. ಇಲ್ಲದಿದ್ದರೆ ಆ ವರ್ಷದ ಕಥೆ ಮುಗಿಯಿತು. ಇನ್ನೊಂದು ಕಾರಣವೂ ಇದೆ. ಶ್ರಾವಣದಲ್ಲಿ ಬಾಯಿ ಕಟ್ಟಿಕೊಂಡಿದ್ದವರೆಲ್ಲ ಹಬ್ಬ ಮುಗಿಯುವುದನ್ನೇ ಕಾಯುತ್ತಿರುತ್ತಾರೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಬಾಡಿನ ಎಡೆ ಇಡುವ ಮನೆಗಳಲ್ಲಿ ಮೀನೂ ಕೇಳುತ್ತಾರೆ. ಭಾನುವಾರ ಏರಿ ಮೇಲೆ ಜಾಗ ಹಿಡಿಯುವುದೇ ಕಷ್ಟ.

ಹೊಸ ನೀರು ಬಂದ ಕೆರೆ ಕೆಂಪಗಿರುತ್ತದೆ, ಕೈ ಅದ್ದಿದರೆ ಬೆರಳು ಕಾಣಲ್ಲ. ಆದರೆ ಆ ನೀರು ಬೇಸಿಗೆಯಿಡೀ ಒಣಗಿದ್ದ ಅಂಗಳದ ಮೇಲೆ ಹತ್ತಿರುತ್ತದೆ. ಹುಲ್ಲು, ಗೆದ್ದಲು, ಎರೆಹುಳು, ಮಿಡತೆ ಎಲ್ಲ ಮುಳುಗಿರುತ್ತದೆ. ಮೀನಿಗೆ ಊಟ ಸಿಗುವುದು ಅಲ್ಲೇ. ಮೊಣಕಾಲುದ್ದ, ಸೊಂಟದುದ್ದದ ನೀರಿಗೇ ಬಂದು ಮೇಯುತ್ತವೆ. ಅಂದಮೇಲೆ ಡಬ್ಬಿಯ ಮೇಲೆ ಬರೆದಿರುವ ‘80 ಮೀಟರ್ ದೂರ ಎಸೆಯಬಹುದು’ ಅನ್ನುವುದು ನಿಜವೋ ಸುಳ್ಳೋ, ಯಾರಿಗೆ ಬೇಕು? ಈ ಕಾಲದಲ್ಲಿ 10, 15 ಮೀಟರ್ ಬಿದ್ದರೆ ಧಾರಾಳ ಸಾಕು. ಈ ಅಗ್ಗದ ರಾಡಿಗೆ ಮಾರ್ಕ್ಸ್ ಬಂದಿರುವುದೂ ಅದರಿಂದಲೇ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ಮೀನು ನಡುಕೆರೆಗೆ ಸೇರಿಕೊಂಡಾಗ ಇದೇ ರಾಡಿಗೆ ಇಷ್ಟು ಮಾರ್ಕ್ಸ್ ಕೊಡುತ್ತಿರಲಿಲ್ಲ.

ರಾಡಿನ ವಿಷಯ. ಮೈಮೇಲೆ ದೊಡ್ಡದಾಗಿ ‘ಕಾರ್ಬನ್’ ಅಂತ ಬರೆದಿದೆ. ಕೈಯಲ್ಲಿ ಹಿಡಿದರೆ ಫೈಬರ್ ಗ್ಲಾಸೇ ಜಾಸ್ತಿ ಇರುವ ಹಾಗಿದೆ, ತುದಿ ತೂಗುತ್ತದೆ. ಇದು ದೂರು ಅಲ್ಲ. ಫೈಬರ್ ಗ್ಲಾಸ್ ಚೆನ್ನಾಗಿ ಬಾಗುತ್ತದೆ, ಹೊಸಬರ ಕೈಯಲ್ಲಿ ಬೇಗ ಮುರಿಯಲ್ಲ. ಎರಡು ಕೆಜಿ ಮೇಲಿನ ರೋಹು ಕಚ್ಚಿದಾಗ ಹಿಡಿಯ ತನಕ ಬಾಗಿತು, ಕೀಲುಗಳಲ್ಲಿ ಟಕಟಕ ಅಂತು, ಆದರೆ ತಡೆದುಕೊಂಡಿತು. ಅದಕ್ಕಿಂತ ದೊಡ್ಡ ಕಾಟ್ಲಾ ಬಂದರೆ ರಾಡಿನ ಮೇಲೆ ಭಾರ ಹಾಕದೆ ರೀಲಿನಿಂದ ದಾರ ಬಿಟ್ಟು ಆಡಿಸಬೇಕು. ಕೊನೆಗೆ ಕೈಬಲೆಯಲ್ಲೇ ಎತ್ತಬೇಕು. ರಾಡು ಹಿಡಿದು ಏರಿ ಮೇಲಕ್ಕೆ ಎಳೆದುಕೊಳ್ಳಲು ಹೋದರೆ ಇಂಥ ರಾಡಿನ ತುದಿ ಉಳಿಯಲ್ಲ.

ಟೆಲಿಸ್ಕೋಪಿಕ್ ರಾಡಿನ ದೊಡ್ಡ ಶತ್ರು ಮರಳು. ಹಸಿ ಏರಿ ಮೇಲೆ ಮಲಗಿಸಿದರೆ ಕೀಲುಗಳ ಒಳಗೆ ಕೆಸರು, ಮರಳು ಸೇರಿಕೊಂಡು ಆಮೇಲೆ ಒಳಗೂ ಹೋಗಲ್ಲ, ಹೊರಗೂ ಬರಲ್ಲ. ಕವೆ ಇರುವ ಎರಡು ಕಡ್ಡಿ ನೆಟ್ಟು ಅದರ ಮೇಲೆ ಇಡಿ. ಬಿಚ್ಚುವಾಗ ತುದಿಯಿಂದ ಶುರು ಮಾಡಿ, ಉಂಗುರಗಳೆಲ್ಲ ಒಂದೇ ಸಾಲಿಗೆ ಬರುವ ಹಾಗೆ ಸ್ವಲ್ಪ ತಿರುಗಿಸಿ ಬಿಗಿ ಮಾಡಿ. ಮಡಚುವಾಗ ತಿರುಗಿಸುತ್ತಾ ಸಡಿಲ ಮಾಡಿ, ಗುದ್ದಬೇಡಿ. ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಇಡಿ. ನನ್ನ ರಾಡಿನ ತುದಿ ಉಂಗುರ ಕೆಲವೇ ದಿನಕ್ಕೆ ಅಂಟು ಬಿಟ್ಟು ಕೈಗೆ ಬಂತು. ಮಾರಿದವರಿಗೆ ಫೋಟೋ ಸಮೇತ ಕಳಿಸಿದೆ. ರಿಟರ್ನ್ ಗಡುವು ಮುಗಿದಿದೆ ಎಂಬ ರೆಡಿಮೇಡ್ ಉತ್ತರ ಬಂತು. ಎರಡು ಟ್ಯೂಬಿನ ಎಪಾಕ್ಸಿ ಅಂಟು ಹಾಕಿ ನಾನೇ ಕೂರಿಸಿದೆ, ಇವತ್ತಿಗೂ ಗಟ್ಟಿಯಾಗಿದೆ. ಒಂದು ಸ್ಟಾರ್ ಕಳೆದಿದ್ದು ಅದಕ್ಕೇ.

ರೀಲು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ. 5.2:1 ಅಂತ ಬರೆದಿದ್ದಾರೆ, ಅಂದರೆ ಹಿಡಿ ಒಂದು ಸುತ್ತು ತಿರುಗಿಸಿದರೆ ದಾರ ಸುತ್ತುವ ಭಾಗ ಐದು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ. ಕೆರೆಗೆ ಇದು ಹದವಾದ ವೇಗ. ‘12 ಬೇರಿಂಗ್’ ಅನ್ನುವುದನ್ನು ಸುಮ್ನೆ ಬಿಟ್ಟುಬಿಡಿ. ಬೇರಿಂಗ್ ಎಷ್ಟಿದೆ ಅನ್ನುವುದಕ್ಕಿಂತ ಡ್ರ್ಯಾಗ್ ಹೇಗಿದೆ ಅನ್ನುವುದನ್ನು ನೋಡಬೇಕು. ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ದಾರ ಹರಿಯದೆ ರೀಲಿನಿಂದ ಬಿಟ್ಟುಕೊಳ್ಳುವ ಏರ್ಪಾಡು. ಮುಂದಿನ ತಿರುಪು ಅದಕ್ಕೇ ಇರುವುದು. ಅಗ್ಗದ ರೀಲುಗಳಲ್ಲಿ ಡ್ರ್ಯಾಗ್ ಮೊದಲು ಕಚ್ಚಿಕೊಂಡು, ಆಮೇಲೆ ಜರ್ ಅಂತ ಒಮ್ಮೆಗೇ ಬಿಡುತ್ತದೆ. ಆ ಒಂದು ಎಳೆತಕ್ಕೇ ದಾರ ತುಂಡಾಗುವುದು.

ಇದನ್ನು ಮನೆಯಲ್ಲೇ ನೋಡಬಹುದು. 15 ಪೌಂಡಿನ ದಾರ ಅಂದರೆ ಸುಮಾರು 6.8 ಕೆಜಿ ತಡೆಯುತ್ತದೆ. ಡ್ರ್ಯಾಗ್ ಅದರ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗಕ್ಕೆ ಬಿಡಬೇಕು. ದಾರದ ತುದಿಗೆ 2 ಲೀಟರ್ ನೀರು ತುಂಬಿದ ಬಾಟಲಿ ಕಟ್ಟಿ, ರೀಲನ್ನು ಕೈಯಲ್ಲಿ ಹಿಡಿದು ಮೇಲೆತ್ತಿ. ಬಾಟಲಿ ನೆಲ ಬಿಟ್ಟು ಏಳುವ ಹೊತ್ತಿಗೆ ದಾರ ನಿಧಾನಕ್ಕೆ, ಜರ್ಕ್ ಇಲ್ಲದೆ ಬಿಟ್ಟುಕೊಳ್ಳಬೇಕು. ನನ್ನದು ಶುರುವಿನಲ್ಲಿ ಸ್ವಲ್ಪ ಹಿಡಿಯುತ್ತಿತ್ತು. ಬಳಸುತ್ತಾ ಸರಿಹೋಯಿತು. ಮನೆಗೆ ಬಂದ ಮೇಲೆ ಡ್ರ್ಯಾಗ್ ಸಡಿಲ ಮಾಡಿಡುವುದನ್ನು ರೂಢಿ ಮಾಡಿಕೊಳ್ಳಿ, ಒಳಗಿನ ವಾಷರ್ ಒತ್ತಿಕೊಂಡು ಹಾಳಾಗಲ್ಲ.

ಈಗ ದಾರ. ಕಿಟ್‌ನಲ್ಲಿ ಬಂದ ದಾರ ಸುರುಳಿ ಬಿಡುವುದೇ ಇಲ್ಲ, ಹಳೆಯ ಲ್ಯಾಂಡ್‌ಲೈನ್ ಫೋನಿನ ವೈರಿನ ಥರ ನೀರಿನ ಮೇಲೆ ಸುತ್ತಿಕೊಂಡು ಕೂರುತ್ತದೆ. ಜಿಲೇಬಿ (ತಿಲಾಪಿಯಾ) ಮೀನು ಮೆಲ್ಲಗೆ ಎಳೆದರೆ ಬೆಂಡಿಗೆ ಗೊತ್ತೇ ಆಗಲ್ಲ, ಆ ಸುರುಳಿ ಬಿಚ್ಚಿಕೊಳ್ಳುತ್ತದೆ ಅಷ್ಟೆ. ಸ್ಪೂಲಿಗೆ, ಅಂದರೆ ರೀಲಿನಲ್ಲಿ ದಾರ ಕೂರುವ ಗಾಲಿಗೆ, ಅರ್ಧ ಮಾತ್ರ ಸುತ್ತಿದ್ದಾರೆ ಬೇರೆ. ಹಾಗಿದ್ದರೆ ಎಸೆದಾಗ ದಾರ ಸ್ಪೂಲಿನ ಅಂಚಿಗೆ ಉಜ್ಜಿ ದೂರ ಹೋಗಲ್ಲ. 0.35 ಎಂಎಂ ನೈಲಾನ್ ದಾರ ತಂದು, ಅಂಚಿಗೆ ಎರಡು ಎಂಎಂ ಉಳಿಯುವ ತನಕ ತುಂಬಿಸಿ. ಹಳೆಯ ದಾರವನ್ನು ಪೂರ್ತಿ ಬಿಸಾಡದೆ ತಳಕ್ಕೆ ಸ್ವಲ್ಪ ಬಿಟ್ಟರೂ ನಡೆಯುತ್ತದೆ, ಹೊಸ ದಾರ ಕಡಿಮೆ ಸಾಕಾಗುತ್ತದೆ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ. ಒಣ ನೈಲಾನ್ ಬಿಗಿಯುವಾಗ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಕಿತ್ತ ದಾರವನ್ನು ಏರಿ ಮೇಲೆ ಎಸೆಯಬೇಡಿ, ಕೊಕ್ಕರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಮನೆಗೆ ತಂದು ತುಂಡು ತುಂಡು ಮಾಡಿ ಕಸಕ್ಕೆ ಹಾಕಿ.

ಕೊಕ್ಕೆಗಳೂ ಅಷ್ಟಕ್ಕಷ್ಟೇ. ತಂತಿ ಮೆತ್ತಗಿದೆ, ಮುಳುಗಿದ ಜಾಲಿ ಕೊಂಬೆಗೆ ಸಿಕ್ಕಿಸಿ ಎಳೆದರೆ ನೆಟ್ಟಗಾಗಿ ಬಂದುಬಿಡುತ್ತದೆ. ಊರಿನ ಬಲೆ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಕೊಕ್ಕೆಯೇ ವಾಸಿ. ಹೊಸಬರಿಗೆ ಒಂದು ಮಾತು: ಕೊಕ್ಕೆಯ ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು. ಜಿಲೇಬಿಗೆ 8 ಅಥವಾ 10, ರೋಹು, ಮೃಗಾಲ್‌ಗೆ 4 ಅಥವಾ 6. 1/0, 2/0 ಅಂತ ಬರೆದಿರುವವು ದೊಡ್ಡ ಮೀನಿಗೆ.

ಎರೆ ಯಾವುದು ಅನ್ನುವುದಕ್ಕೆ ಡಬ್ಬಿಯಲ್ಲಿ ಉತ್ತರ ಇಲ್ಲ, ಅಡುಗೆಮನೆಯಲ್ಲಿದೆ. ಕೆಂಪು ನೀರಿನಲ್ಲಿ ಮೀನಿಗೆ ಕಣ್ಣು ಅಷ್ಟು ಕೆಲಸಕ್ಕೆ ಬರಲ್ಲ, ವಾಸನೆ ಹಿಡಿದು ಬರುತ್ತದೆ. ಹಾಗಾಗಿ ಹೊಳೆಯುವ ಸ್ಪಿನ್ನರ್ ಎಷ್ಟು ಎಳೆದರೂ ತೋಳು ನೋಯುವುದಷ್ಟೇ. ಕಡಲೆಕಾಯಿ ಹಿಂಡಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ತೌಡು, ರಾಗಿ ಹಿಟ್ಟು, ಚೂರು ಬೆಲ್ಲ ಸೇರಿಸಿ ಕಲಸಿ. ಹದ ಮುಖ್ಯ. ಎಸೆದಾಗ ಗಾಳಿಯಲ್ಲೇ ಬಿಚ್ಚಿಕೊಳ್ಳಬಾರದು, ನೀರಿನಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಕರಗಿ ಹರಡಬೇಕು. ಗಟ್ಟಿ ಉಂಡೆ ಮಾಡಿ ಹಾಕಿದರೆ ಕಲ್ಲು ಹಾಕಿದಂತೆಯೇ, ಮೀನು ಮೂಸಿಯೂ ನೋಡಲ್ಲ. ಮೊದಲು ಎರಡು ಮೂರು ಉಂಡೆ ಬರಿದೇ ಎಸೆದು, ಅದೇ ಜಾಗಕ್ಕೆ ಗಾಳ ಹಾಕಿ. ಬಕೆಟ್ಟುಗಟ್ಟಲೆ ಸುರಿಯುವವರೂ ಇದ್ದಾರೆ. ಹೊಟ್ಟೆ ತುಂಬಿದ ಮೀನು ನಿಮ್ಮ ಗಾಳ ಯಾಕೆ ಕಚ್ಚುತ್ತದೆ?

ಎಷ್ಟು ಆಳಕ್ಕೆ ಬಿಡಬೇಕು ಅನ್ನುವುದು ಯಾವ ಮೀನು ಬೇಕು ಅನ್ನುವುದರ ಮೇಲೆ. ಕಾಟ್ಲಾ ಮೇಲಿನ ನೀರಿನಲ್ಲಿ ತಿನ್ನುತ್ತದೆ, ಅದರ ಬಾಯಿಯೇ ಮೇಲ್ಮುಖವಾಗಿದೆ ನೋಡಿ. ರೋಹು ನಡುವೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಒಂದೇ ಕೆರೆಗೆ ಬಿಡುವುದು ಇದೇ ಕಾರಣಕ್ಕೆ, ಒಂದರ ಊಟಕ್ಕೆ ಇನ್ನೊಂದು ಬರಲ್ಲ. ಕಿಟ್‌ನ ಬೆಂಡುಗಳು ಇಲ್ಲಿ ಉಪಯೋಗಕ್ಕೆ ಬಂದವು. ಜಿಲೇಬಿಗೆ ಬೆಂಡಿನಿಂದ ಒಂದೂವರೆ ಅಡಿ ಕೆಳಗೆ ಎರೆಹುಳುವಿನ ತುಂಡು ಬಿಟ್ಟರೆ ಮಕ್ಕಳು ಕೂಡ ಹಿಡಿಯುತ್ತಾರೆ. ತಳದ ಮೀನಿಗೆ ಬೆಂಡು ತೆಗೆದು, ಸೀಸ ಕಟ್ಟಿ, ದಾರ ಬಿಗಿ ಮಾಡಿ ರಾಡಿನ ತುದಿ ನೋಡುತ್ತಾ ಕೂರಬೇಕು. ಈ ರಾಡಿನ ತುದಿ ಮೆತ್ತಗಿರುವುದರಿಂದ ಕಚ್ಚಿದ್ದು ಚೆನ್ನಾಗಿ ಕಾಣುತ್ತದೆ. ಇದಂತೂ ನಿಜವಾಗಿ ಇಷ್ಟವಾಯಿತು.

ಜಾಗದ ಬಗ್ಗೆ ಜಾಸ್ತಿ ಹೇಳಲ್ಲ, ಪ್ರತಿ ಕೆರೆಗೂ ಅದರದ್ದೇ ಲೆಕ್ಕ. ಹಳ್ಳದ ನೀರು ಕೆರೆಗೆ ಸೇರುವ ಕಡೆ ಮೊದಲು ನೋಡಿ. ಕೋಡಿ ಹರಿಯುತ್ತಿದ್ದರೆ ಅಲ್ಲೂ ಮೀನು ಇರುತ್ತದೆ, ಆದರೆ ಪಾಚಿ ಕಲ್ಲಿನ ಮೇಲೆ ನಿಂತು ಗಾಳ ಹಾಕುವ ಶೂರತನ ಬೇಡ. ಗಾಳಿ ಯಾವ ದಡಕ್ಕೆ ಹೊಡೆಯುತ್ತಿದೆಯೋ ಆ ದಡಕ್ಕೆ ತೇಲುವ ತಿನಿಸು ಸೇರುತ್ತದೆ, ಮೀನೂ ಸೇರುತ್ತದೆ. ಸೆಪ್ಟೆಂಬರಿನಲ್ಲಿ ಇನ್ನೂ ಪಡುವಣ ಗಾಳಿ ಇರುತ್ತದೆ, ಅಕ್ಟೋಬರಿನಲ್ಲಿ ಮೂಡಣಕ್ಕೆ ತಿರುಗುತ್ತದೆ. ಹೋದ ತಿಂಗಳು ಚೆನ್ನಾಗಿ ಸಿಕ್ಕ ದಡ ಈ ತಿಂಗಳು ಖಾಲಿ ಹೊಡೆಯುವುದಕ್ಕೆ ಇದೂ ಒಂದು ಕಾರಣ.

ಬೆಳಗಿನ ಜಾವವೇ ಹೋಗಬೇಕು ಅನ್ನುವುದನ್ನು ನಾನು ಪೂರ್ತಿ ಒಪ್ಪಲ್ಲ. ಹಸಿರು ಪಾಚಿ ನೀರಿನ ಕೆರೆಯಲ್ಲಿ ರಾತ್ರಿಯಿಡೀ ಆಮ್ಲಜನಕ ಕಡಿಮೆಯಾಗುತ್ತಾ ಬಂದು ಬೆಳಗಿನ ಜಾವಕ್ಕೆ ತೀರಾ ಕೆಳಗಿಳಿದಿರುತ್ತದೆ. ಮೋಡ ಕವಿದ ದಿನಗಳ ಮಾರನೆಯ ಬೆಳಿಗ್ಗೆಯಂತೂ ಮೀನು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿರುತ್ತವೆ. ಅದನ್ನು ನೋಡಿ ಮೀನು ಆಡುತ್ತಿದೆ ಅಂತ ಖುಷಿಪಡುವವರಿದ್ದಾರೆ. ಉಸಿರಾಟಕ್ಕೇ ಒದ್ದಾಡುವ ಮೀನು ಎರೆ ಮುಟ್ಟಲ್ಲ. ಬಿಸಿಲು ಏರಲಿ, ತಿಂಡಿ ತಿಂದು ಎಂಟೂವರೆ ಒಂಬತ್ತಕ್ಕೆ ಹೋದರೂ ನಷ್ಟವಿಲ್ಲ.

ರಬ್ಬರ್ ಕಪ್ಪೆ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಎಷ್ಟೋ ಜನ ಕಿಟ್ ಕೊಳ್ಳುವುದೇ ಆ ಫೋಟೋ ನೋಡಿ. ಕೊರವ, ಅಂದರೆ ಮುರೆಲ್ ಮೀನು, ಜೊಂಡಿನ ನಡುವೆ ಕಪ್ಪೆ ನುಂಗುವುದು ನಿಜ. ಕಪ್ಪೆ ಬೊಂಬೆಯ ಮೈ ಟೊಳ್ಳಾಗಿ, ಮೆತ್ತಗಿರಬೇಕು. ಮೀನು ಕಚ್ಚಿದಾಗ ಅದು ಅಮುಕಿಕೊಂಡರೆ ತಾನೇ ಬೆನ್ನಿಗೆ ಅಂಟಿಕೊಂಡಿರುವ ಕೊಕ್ಕೆ ಹೊರಗೆ ಬರುವುದು? ಇದರಲ್ಲಿ ಕೊಟ್ಟಿರುವ ಕಪ್ಪೆ ಎಷ್ಟು ಗಟ್ಟಿ ಅಂದರೆ ಹೆಬ್ಬೆರಳಿನಲ್ಲಿ ಒತ್ತಿದರೂ ಅಮುಕಲ್ಲ. ಜೊತೆಗೆ ಜೊಂಡಿನಿಂದ ಕೊರವ ಎಳೆಯಲು ಗಡುಸು ರಾಡು, 30 ಪೌಂಡಿನ ಹೆಣೆದ ದಾರ ಬೇಕು. ಈ ಮೆತ್ತನೆ ತುದಿಯ ರಾಡು ಬಾಗುವಷ್ಟರಲ್ಲಿ ಮೀನು ಬೇರಿನೊಳಗೆ ಹೋಗಿರುತ್ತದೆ. ಕೊರವ ಹಿಡಿಯಲೇಬೇಕು ಅಂತಿದ್ದರೆ ಈ ಕಿಟ್ ಕೊಳ್ಳಬೇಡಿ, ಇನ್ನೂ ದುಡ್ಡು ಕೂಡಿಡಿ.

ಇನ್ನೊಂದು ವಿಷಯ, ಇದು ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಕೊರವ ಮರಿ ಮಾಡುತ್ತದೆ. ಕೆಂಪು ಕಿತ್ತಳೆ ಬಣ್ಣದ ಮರಿಗಳ ಗುಂಪು ನೀರಿನ ಮೇಲೆ ಓಡಾಡುತ್ತಿರುತ್ತದೆ, ಕೆಳಗೆ ತಂದೆ ತಾಯಿ ಕಾವಲು. ಆ ಗುಂಪಿನ ಮೇಲೆ ಏನು ಎಸೆದರೂ ಅವು ಬಂದು ಹೊಡೆಯುತ್ತವೆ, ಹಸಿವಿಗಲ್ಲ, ಮರಿ ಕಾಯಲು. ಅದನ್ನೇ ವಿಡಿಯೋ ಮಾಡಿ ‘ಟ್ರಿಕ್’ ಅಂತ ಹಾಕುತ್ತಾರೆ. ಕಾಯುವ ಮೀನು ಹೋದರೆ ಆ ಮರಿಗಳನ್ನು ಬೇರೆ ಮೀನು ಒಂದೇ ದಿನದಲ್ಲಿ ಮುಗಿಸುತ್ತವೆ. ಮರಿ ಗುಂಪು ಕಂಡರೆ ಜಾಗ ಬಿಟ್ಟು ಮುಂದೆ ಹೋಗಿ.

ಕಾಟ್ಲಾ, ರೋಹುಗಳದ್ದು ಬೇರೆ ಕಥೆ. ಅವು ನಿಂತ ನೀರಿನ ಕೆರೆಯಲ್ಲಿ ಮರಿ ಮಾಡಲ್ಲ, ಹರಿಯುವ ಪ್ರವಾಹದ ನೀರು ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧರಿ ಮತ್ತು ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಮೀನುಗಳಿಂದ (ಕಾಟ್ಲಾ, ರೋಹು ಕೂಡ ಗೆಂಡೆ ಜಾತಿಯವೇ) ಮೊಟ್ಟೆ ಇಡಿಸುವುದರಲ್ಲಿ ಗೆದ್ದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಮಾಡುತ್ತಾರೆ. ಇವತ್ತು ನಮ್ಮ ಕೆರೆಗಳಲ್ಲಿ ಇರುವ ಕಾಟ್ಲಾ ಹೆಚ್ಚುಕಮ್ಮಿ ಎಲ್ಲ ಹಾಗೆ ಹುಟ್ಟಿದ್ದು, ಯಾರೋ ದುಡ್ಡು ಕೊಟ್ಟು ತಂದು ಬಿಟ್ಟಿದ್ದು. ಕೆರೆಗೆ ನೀರು ಬಂದ ತಕ್ಷಣ ಬಿಡುವುದರಿಂದ ಈ ತಿಂಗಳುಗಳಲ್ಲಿ ಬೆರಳುದ್ದ, ಗೇಣುದ್ದದ ಮರಿಗಳೇ ಜಾಸ್ತಿ ಕಚ್ಚುತ್ತವೆ. ಒದ್ದೆ ಕೈಯಲ್ಲಿ ಹಿಡಿದು ಕೊಕ್ಕೆ ಬಿಡಿಸಿ ವಾಪಸ್ ಬಿಡಿ. ಜಿಲೇಬಿಗೆ ಈ ಮರ್ಯಾದೆ ಬೇಡ. 1952ರಲ್ಲಿ ಹೊರಗಿನಿಂದ ಬಂದ ಮೀನು, ವರ್ಷದಲ್ಲಿ ಎಷ್ಟೋ ಸಲ ಮರಿ ಮಾಡಿ ಕೆರೆ ತುಂಬಿಸುತ್ತದೆ. ಎಷ್ಟು ಸಿಕ್ಕಿದರೂ ತನ್ನಿ, ಹುರಿದರೆ ರುಚಿಯಾಗಿರುತ್ತದೆ.

ಯಾರದೋ ದುಡ್ಡು ಅಂದೆನಲ್ಲ. ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ, ಹರಾಜಿನಲ್ಲಿ ಹಿಡಿದವರಿಗೋ ಇರುತ್ತದೆ. ದೊಡ್ಡ ಕೆರೆ, ಜಲಾಶಯಗಳಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಕೇಳುತ್ತಾರೆ. ಸೀದಾ ಹೋಗಿ ‘ಅಣ್ಣ, ಒಂದು ಗಾಳ ಹಾಕಿಕೊಳ್ಳಲಾ?’ ಅಂತ ಕೇಳಿ. ಒಂದೇ ರಾಡು ಅಂದರೆ ಎಷ್ಟೋ ಕಡೆ ಹ್ಞೂಂ ಅಂತಾರೆ, ಕೆಲವು ಕಡೆ ಒಂದಿಷ್ಟು ದುಡ್ಡು ಕೇಳುತ್ತಾರೆ. ಕಿಟ್‌ನ ಬೆಲೆಯ ಜೊತೆಗೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಂಗಳೂರಿನ ಚರಂಡಿ ನೀರು ಸೇರುವ ಕೆರೆಗಳಲ್ಲಿ ಹಿಡಿದದ್ದನ್ನು ಮಾತ್ರ ತಿನ್ನಲು ಹೋಗಬೇಡಿ.

ಮಧ್ಯಾಹ್ನ ಮೂರರ ಮೇಲೆ ಆಕಾಶ ನೋಡುತ್ತಿರಿ. ಈ ತಿಂಗಳುಗಳ ಮಳೆ ಗುಡುಗು ಸಿಡಿಲಿನ ಜೊತೆಗೇ ಬರುತ್ತದೆ. ಖಾಲಿ ಏರಿ ಮೇಲೆ 7 ಅಡಿ ರಾಡು ಎತ್ತಿ ಹಿಡಿದು ನಿಂತವರು ನೀವೊಬ್ಬರೇ ಆಗಿರುತ್ತೀರಿ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ, ಒದ್ದೆಯಾದ ಫೈಬರ್ ಗ್ಲಾಸನ್ನೂ ನಂಬುವ ಹಾಗಿಲ್ಲ. ದೂರದಲ್ಲಿ ಗುಡುಗಿದ ಕೂಡಲೇ ಮಡಚಿ ಬ್ಯಾಗಿಗೆ ಹಾಕಿ ಹೊರಡಿ. ಮಡಚುವ ರಾಡಿನ ನಿಜವಾದ ಅನುಕೂಲ ಅಲ್ಲೇ ಗೊತ್ತಾಗುವುದು, ಅರ್ಧ ನಿಮಿಷದ ಕೆಲಸ. ಎಸೆಯುವ ಮುಂಚೆ ತಲೆಯ ಮೇಲೆ ಪಂಪ್‌ಸೆಟ್ಟಿನ ತಂತಿ ಇದೆಯಾ ಅಂತ ಕೂಡ ನೋಡಿಕೊಳ್ಳಿ.

ಹಾಗಾದರೆ ಕೊಳ್ಳಬಹುದಾ? ಬೈಕಿನಲ್ಲಿ ಹೋಗಿ ಭಾನುವಾರ ಜಿಲೇಬಿ, ರೋಹು ಹಿಡಿಯುವವರಿಗೆ, ಮಕ್ಕಳಿಗೆ ಕಲಿಸುವವರಿಗೆ ಖಂಡಿತ ಕೊಳ್ಳಬಹುದು. ದಾರ, ಕೊಕ್ಕೆಗೆ ಇನ್ನೂ 300 ರೂಪಾಯಿ ಇಟ್ಟುಕೊಳ್ಳಿ. ಡಬ್ಬಿಯ ಸಾಮಾನು ಇಲ್ಲದೆ ಬರೀ ರಾಡು, ರೀಲು ಕಡಿಮೆಗೆ ಸಿಕ್ಕರೆ ಅದನ್ನೇ ತಗೊಳ್ಳಿ. ಪಾರ್ಸೆಲ್ ಬಂದ ದಿನವೇ ರಾಡನ್ನು ಪೂರ್ತಿ ಬಿಚ್ಚಿ, ಪ್ರತಿ ಉಂಗುರವನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡಿ. ರೀಲಿನ ಹಿಡಿ ತಿರುಗಿಸಿ ಎಲ್ಲಾದರೂ ಕರಕರ ಅನ್ನುತ್ತಾ ಕೇಳಿ. ದಾರ ಹಿಡಿಯುವ ಆ ಬಾಗಿದ ತಂತಿಯನ್ನು ಹತ್ತು ಸಲ ತೆರೆದು ಮುಚ್ಚಿ, ಸ್ಪ್ರಿಂಗ್ ಪ್ರತಿ ಸಲವೂ ಟಕ್ ಅಂತ ಕೂರಬೇಕು. ಬಾಟಲಿ ಪರೀಕ್ಷೆಯನ್ನೂ ಅವತ್ತೇ ಮಾಡಿ. ಏನೇ ತಪ್ಪಿದ್ದರೂ ಅವತ್ತೇ ರಿಟರ್ನ್ ಹಾಕಿ, ಕೆರೆ ತುಂಬಲಿ ನೋಡೋಣ ಅಂತ ಕಾಯಬೇಡಿ.